ವೈರಾಗ್ಯಕ್ಕೆಂದು ಎಣಿಸಿದ ಎಲುಬು

ಮಿತಾಕ್ಷರ ಎಂದರೆ ನಮ್ಮ ಕಡೆಯ ವಕೀಲರಿಗೆ ನೆನಪಾಗುವುದು ಹೊಲ-ಮನೆಯ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸಾರಿದ ಗ್ರಂಥವದು. ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದವನು. ಆ ಕಲ್ಯಾಣವೇ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ವಿಜ್ಞಾನೇಶ್ವರ ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವನು ಎಂಬುದು ಇಲ್ಲಿಯವರ ಹೆಮ್ಮೆ. ನನಗೂ ಆ ಹೆಮ್ಮೆ ಉಂಟು, ಆದರೆ ಕಾರಣ ಆಸ್ತಿಯದಲ್ಲ.

ಮಿತಾಕ್ಷರವು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಆ ಸ್ಮೃತಿಯ ಕೊನೆಯ ಭಾಗದಲ್ಲಿ, ಸನ್ಯಾಸಿಗಳ ಧರ್ಮ ಹೇಳುವ ಕಡೆ, ಮನುಷ್ಯನ ಎಲುಬುಗಳ ಲೆಕ್ಕ ಬರುತ್ತದೆ. ಒಟ್ಟು 360. ಹಲ್ಲು, ಉಗುರು ಎಲ್ಲ ಸೇರಿಸಿದ ಲೆಕ್ಕ. ಅದರಲ್ಲಿ ತಲೆಯ ಪಾಲಿಗೆ ಬಂದದ್ದು ಹೀಗೆ: ಶಂಖ ಎರಡು, ಕಪಾಲ ನಾಲ್ಕು. ಶಂಖ ಅಂದರೆ ಕಣ್ಣಿಗೂ ಕಿವಿಗೂ ನಡುವಿನ ಕಣತಲೆ. ಕಪಾಲ ಅಂದರೆ ತಲೆಯ ಚಪ್ಪಟೆ ಎಲುಬು.

ನಾನು ಕಲಬುರಗಿಯಲ್ಲಿ ಅನಾಟಮಿ ಕಲಿಸುವವಳು. ಈ ಸಾಲು ಓದಿದಾಗ ಪುಸ್ತಕ ಬದಿಗಿಟ್ಟು ವಿಭಾಗದ ಬುರುಡೆಯೊಂದನ್ನು ಎತ್ತಿಕೊಂಡು ಎಣಿಸಿದೆ. ಹಣೆಗೆ ಒಂದು, ನೆತ್ತಿಯ ಎಡಕ್ಕೂ ಬಲಕ್ಕೂ ಒಂದೊಂದು, ಹಿಂದಲೆಗೆ ಒಂದು. ನಾಲ್ಕು ಕಪಾಲ. ಎರಡೂ ಕಿವಿಯ ಮೇಲೆ ಒಂದೊಂದು, ಅದು ಶಂಖ. ಆರಾಯಿತು. ಇವತ್ತು ನಾವು ಮೊದಲ ವರ್ಷದ ಹುಡುಗರಿಗೆ ಮಿದುಳನ್ನು ಸುತ್ತುವರಿದ ಎಲುಬುಗಳು ಎಂಟು ಎಂದು ಕಲಿಸುತ್ತೇವೆ: ಫ್ರಂಟಲ್ ಒಂದು, ಪರೈಟಲ್ ಎರಡು, ಆಕ್ಸಿಪಿಟಲ್ ಒಂದು, ಟೆಂಪೊರಲ್ ಎರಡು, ಸ್ಫೀನಾಯ್ಡ್ ಒಂದು, ಎತ್ಮಾಯ್ಡ್ ಒಂದು. ಹಳೆಯವರ ಲೆಕ್ಕಕ್ಕೆ ಸಿಗದವು ಕೊನೆಯ ಎರಡು ಮಾತ್ರ. ಅವು ಬುರುಡೆಯ ತಳದಲ್ಲಿ, ಮುಖದ ಹಿಂದೆ ಬಹುಪಾಲು ಅಡಗಿರುವವು. ಹೊರಗಿನಿಂದ ಕಾಣುವುದೆಲ್ಲವನ್ನೂ ಅವರು ಸರಿಯಾಗಿಯೇ ಕಂಡಿದ್ದರು ಎಂದು ನನಗನಿಸುತ್ತದೆ. ಸುಶ್ರುತನದು ಇನ್ನೊಂದು ಲೆಕ್ಕ. ಅವನಲ್ಲಿ ಒಟ್ಟು 300, ಕುತ್ತಿಗೆಯಿಂದ ಮೇಲೆ 63, ಅದರಲ್ಲಿ ಹಲ್ಲೇ 32. ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ದಿನ ಬಿಟ್ಟು, ಮೆತ್ತಗಾದ ಮೇಲೆ ಪದರ ಪದರವಾಗಿ ಉಜ್ಜಿ ನೋಡಬೇಕೆಂದು ಅವನು ವಿಧಾನವನ್ನೂ ಹೇಳಿದ್ದಾನೆ. ಕಣ್ಣಿಂದ ನೋಡದೆ ಬರೀ ಓದಿ ವೈದ್ಯನಾಗಲಾರೆ ಎಂಬುದು ಅವನ ಪಟ್ಟು.

ಇನ್ನು, ಧರ್ಮಶಾಸ್ತ್ರದೊಳಗೆ ಎಲುಬಿನ ಲೆಕ್ಕ ಯಾಕೆ ಬಂತು? ಸನ್ಯಾಸಿಗೆ ದೇಹದ ಮೋಹ ಕಳಚಲಿ ಎಂದು. ಇಷ್ಟು ಎಲುಬು, ಇಷ್ಟು ನರ, ಇಷ್ಟು ಬೊಗಸೆ ರಸ ರಕ್ತ, ಇಷ್ಟೇ ಈ ಅಸ್ಥಿರವಾದ ಕಾಯ. ಇದನ್ನು ತಿಳಿದವನೇ ಮೋಕ್ಷಕ್ಕೆ ತಕ್ಕವನು ಎಂಬ ಕಡೆಗೆ ಆ ಮಾತು ಹೋಗುತ್ತದೆ. ನನ್ನ ತಕರಾರು ಇಲ್ಲೇ ಇರುವುದು. ನಾನು ಇದೇ ಎಲುಬುಗಳನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು, ತಿರುಗಿಸಿ, ಎಣಿಸಿ, ಎಣಿಸಿಸಿ ಬದುಕಿದ್ದೇನೆ. ನನಗೆ ವೈರಾಗ್ಯ ಬರಲಿಲ್ಲ. ಎಣಿಸಿದಷ್ಟೂ ಮೋಹವೇ ಹೆಚ್ಚಾಯಿತು, ಅದೂ ಸತ್ತ ಎಲುಬಿನ ಮೇಲಲ್ಲ, ಜೀವಂತ ತಲೆಗಳ ಮೇಲೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಹಿಂದಲೆ ಕಂಡರೂ ಅದರೊಳಗಿನ ಕಟ್ಟೋಣ ನೆನಪಾಗಿ, ಈ ತಲೆ ಸುಖವಾಗಿ ಮನೆ ಸೇರಲಿ ಅನಿಸುತ್ತದೆ.

ಹಳೆಯವರಿಗೆ ಕಾಣದ ಆ ಎರಡು ಎಲುಬುಗಳನ್ನೇ ಮೊದಲು ಹೇಳುತ್ತೇನೆ, ಅವು ನನಗೆ ಎಲ್ಲಕ್ಕಿಂತ ಪ್ರೀತಿಯವು.

ಸ್ಫೀನಾಯ್ಡ್ ಎರಡು ಜೊತೆ ರೆಕ್ಕೆ ಬಿಚ್ಚಿಕೊಂಡು ಬುರುಡೆಯ ನಟ್ಟನಡುವೆ ಕೂತಿದೆ. ಮಿದುಳನ್ನು ಸುತ್ತುವರಿದ ಉಳಿದ ಏಳೂ ಎಲುಬುಗಳು ಒಂದಲ್ಲ ಒಂದು ಕಡೆ ಇದಕ್ಕೆ ತಾಗಿಕೊಂಡಿವೆ. ಇದನ್ನು ತೆಗೆದರೆ ಯಾವುದೂ ನಿಲ್ಲುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಇದರ ತೂತಿನಲ್ಲೇ ಹಾಯುತ್ತದೆ. ಇದರ ನಡುವಿನ ಸಣ್ಣ ತಗ್ಗಿನಲ್ಲಿ ಪಿಟ್ಯುಟರಿ ಗ್ರಂಥಿ ಕೂತಿರುತ್ತದೆ, ಹೆಚ್ಚೆಂದರೆ ಒಂದು ಬಟಾಣಿಯಷ್ಟು ದೊಡ್ಡದು. ಮಗು ಎತ್ತರ ಬೆಳೆಯುವುದು, ಹುಡುಗಿ ಮೈನೆರೆಯುವುದು, ಬಾಣಂತಿಗೆ ಹಾಲಿಳಿಯುವುದು, ಎಲ್ಲ ಆ ತಗ್ಗಿನಿಂದ ಬರುವ ಅಪ್ಪಣೆಯ ಮೇಲೆ. ಬಿಡಿಸಿದ ಬುರುಡೆಯಲ್ಲಿ ಈ ಎಲುಬನ್ನು ಮೊದಲ ಸಲ ಬೇರೆಯಾಗಿ ತೋರಿಸಿದಾಗ ಹುಡುಗರು ಸುಮ್ಮನಾಗಿಬಿಡುತ್ತಾರೆ. ಸೇಡಂ, ಶಹಾಪುರ, ಆಳಂದ, ಚಿಂಚೋಳಿಯ ಹಳ್ಳಿಗಳಿಂದ ಬಂದ ಮಕ್ಕಳು. ನಮ್ಮ ಭಾಗಕ್ಕೆ ಸೀಟು ಮೀಸಲಿಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದವರು ಕ್ಲಾಸಿನಲ್ಲಿ ಹೆಚ್ಚು ಕಾಣುತ್ತಾರೆ, ನನಗೆ ಅದು ತುಂಬಾ ಸಂತೋಷದ ಸಂಗತಿ.

ಎತ್ಮಾಯ್ಡ್ ಎಷ್ಟು ಹಗುರ ಎಂದರೆ ಅಂಗೈ ಮೇಲಿಟ್ಟರೂ ಇಟ್ಟ ಹಾಗೆ ಅನಿಸುವುದಿಲ್ಲ. ಎರಡು ಕಣ್ಣುಗಳ ನಡುವೆ, ಮೂಗಿನ ಚಾವಣಿಯಲ್ಲಿ ಇದರ ಜಾಗ. ಅಲ್ಲಿ ಸಣ್ಣ ಸಣ್ಣ ತೂತುಗಳಿರುವ ಒಂದು ತೆಳು ಹಲಗೆಯುಂಟು. ವಾಸನೆಯ ನರದ ಎಳೆಗಳು ಮೂಗಿನಿಂದ ಆ ತೂತುಗಳಲ್ಲಿ ಹಾದು ಮಿದುಳಿಗೆ ಏರುತ್ತವೆ. ಮೇ ತಿಂಗಳ ಬಿಸಿಲಿಗೆ ಬಿರುಕು ಬಿಟ್ಟ ಎರಿ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ, ತೊಗರಿ ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಾಗ ಓಣಿಯೆಲ್ಲ ಹಬ್ಬುವ ಘಮ, ಇವು ನಮಗೆ ದಕ್ಕುವುದು ಆ ತೂತುಗಳ ಮೂಲಕ. ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಈ ಹಲಗೆ ಸೀಳಿದರೆ ಎಳೆಗಳು ಕಡಿದುಹೋಗಿ ವಾಸನೆಯ ಲೋಕವೇ ಮುಚ್ಚಿಕೊಳ್ಳಬಹುದು. ಪೆಟ್ಟಿನ ನಂತರ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಅದು ನೆಗಡಿಯೆಂದು ಸುಮ್ಮನಿರಬಾರದು. ಮಿದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಸಿಂಬಳ ತೆಗೆದ ಹಾಗೆ ಮೂಗಿನಿಂದ ಜೋರಾಗಿ ಗಾಳಿ ಹೊರದೂಡದೆ ದವಾಖಾನೆಗೆ ಹೋಗಬೇಕು.

ಮುಖದ ಹದಿನಾಲ್ಕು ಎಲುಬುಗಳನ್ನು ಇಲ್ಲಿ ಸಾಲಾಗಿ ಹೇಳುವುದಿಲ್ಲ. ಎರಡನ್ನು ಮಾತ್ರ ನೆನೆಯುತ್ತೇನೆ. ಕಣ್ಣಿನ ಒಳಮೂಲೆಯಲ್ಲಿ ಲ್ಯಾಕ್ರಿಮಲ್ ಎಂಬ, ಕಿರುಬೆರಳಿನ ಉಗುರಿನಷ್ಟು ಎಲುಬು ಇದೆ. ಅದರಲ್ಲೊಂದು ತೋಡು. ಕಣ್ಣೀರು ಆ ದಾರಿಯಿಂದ ಮೂಗಿಗೆ ಇಳಿಯುತ್ತದೆ, ಅತ್ತಾಗ ಮೂಗು ಸೋರುವುದು ಅದಕ್ಕೇ. ಇನ್ನೊಂದು ಕೆಳದವಡೆ, ಇಡೀ ಬುರುಡೆಯಲ್ಲಿ ಕೀಲಿನ ಮೇಲೆ ಆಡುವ ಎಲುಬು ಅದೊಂದೇ. ಹಲ್ಲು ಬಿದ್ದುಹೋದ ಮೇಲೆ ಹಲ್ಲು ನೆಟ್ಟಿದ್ದ ಅಂಚು ವರ್ಷ ವರ್ಷಕ್ಕೂ ಕರಗುತ್ತಾ ಹೋಗುತ್ತದೆ. ಹೀಗೆ ಕರಗಿ ಸಣಕಲಾದ ಒಂದು ದವಡೆ ನಮ್ಮಲ್ಲಿದೆ. ಅದನ್ನು ನೋಡಿದಾಗಲೆಲ್ಲ ಆ ಜೀವ ಕೊನೆಗಾಲಕ್ಕೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಂಡಿರಬೇಕು, ಯಾರೋ ನೆನೆಸಿ ಕೊಟ್ಟಿರಬೇಕು ಎಂದುಕೊಳ್ಳುತ್ತೇನೆ.

ಕಿವಿಯ ಬಳಿಯ ಟೆಂಪೊರಲ್ ಎಲುಬಿನ ಒಳಭಾಗ ದೇಹದಲ್ಲೇ ಬಹಳ ಗಟ್ಟಿಯಾದ, ಒತ್ತಾದ ಎಲುಬು. ಸ್ಟೇಪಿಸ್ ಎಂಬ, ಮೂರು ಮಿಲಿಮೀಟರ್ ಆಸುಪಾಸಿನ, ದೇಹದ ಅತಿ ಸಣ್ಣ ಎಲುಬು ಇದರ ಆಶ್ರಯದಲ್ಲೇ ಇದ್ದು ಮಾತನ್ನು ಒಳಗಿವಿಗೆ ಮುಟ್ಟಿಸುತ್ತದೆ. ಹರಿಯಾಣದ ರಾಖಿಗಢಿಯಲ್ಲಿ ಸಿಂಧೂ ನಾಗರಿಕತೆಯ ಕಾಲದ ಹೆಂಗಸೊಬ್ಬಳ ಡಿಎನ್ಎ ಸಿಕ್ಕಿದ ಸಂಶೋಧನೆ 2019ರಲ್ಲಿ ಪ್ರಕಟವಾಯಿತಲ್ಲ, ಅದಕ್ಕೆ ಆಧಾರವಾದದ್ದು ಇದೇ ಎಲುಬು. ನಮ್ಮಂಥ ಬಿಸಿಲ ನಾಡಿನ ಮಣ್ಣಿನಲ್ಲಿ ಡಿಎನ್ಎ ಬೇಗ ಹಾಳಾಗುತ್ತದೆ. ಸಾವಿರಾರು ವರ್ಷ ಅದನ್ನು ಒಂದಿಷ್ಟಾದರೂ ಕಾದುಕೊಳ್ಳುವ ಶಕ್ತಿ ಈ ಎಲುಬಿಗಿದೆ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ನೆತ್ತಿಯ ಹತ್ತಿರ.

ಹುಟ್ಟಿದ ಕೂಸಿನ ಬುರುಡೆ ಒಂದು ಗಡಿಗೆಯಲ್ಲ, ಬಿಡಿ ಬಿಡಿ ಎಲುಬುಗಳ ನಡುವೆ ಮೆತ್ತನೆಯ ಪೊರೆ. ಹಣೆಯ ಎಲುಬು ಕೂಡ ಆಗ ಎರಡು ಹೋಳು. ಹೆರಿಗೆಯ ಹೊತ್ತಿಗೆ ಈ ಎಲುಬುಗಳು ಒಂದರ ಮೇಲೊಂದು ಸರಿದು, ತಲೆ ಸಣ್ಣದಾಗಿ, ದಾರಿ ಹುಡುಕಿಕೊಂಡು ಹೊರಬರುತ್ತದೆ. ಉದ್ದನೆಯ ತಲೆ ಕಂಡು ಬಾಣಂತಿಗಳು ಗಾಬರಿಯಾಗುತ್ತಾರೆ, ಕೆಲವು ದಿನಕ್ಕೆ ತಾನೇ ದುಂಡಗಾಗುತ್ತದೆ. ಅದಕ್ಕೆ ಒತ್ತುವುದು, ತೀಡುವುದು ಬೇಕಿಲ್ಲ. ಹಿಂದಿನ ಮೆತ್ತನೆ ಜಾಗ ಎರಡು ಮೂರು ತಿಂಗಳಿಗೆ ಮುಚ್ಚುತ್ತದೆ, ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ. ಇಷ್ಟು ದಿನ ಯಾಕೆ ತೆರೆದಿರಬೇಕು? ಮಿದುಳು ಬೆಳೆಯುವುದಕ್ಕೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34–35 ಸೆಂ.ಮೀ. ಇರುತ್ತದೆ, ವರ್ಷ ತುಂಬುವಾಗ ಸುಮಾರು 46. ದೊಡ್ಡವರದು 55ರಿಂದ 57ರ ಆಸುಪಾಸು. ಅಂದರೆ ಮೊದಲ ಒಂದು ವರ್ಷದಲ್ಲಿ ತಲೆ ಬೆಳೆದಷ್ಟು ಉಳಿದ ಇಡೀ ಬದುಕಿನಲ್ಲಿ ಬೆಳೆಯುವುದಿಲ್ಲ! ಕೆಲವು ಮಕ್ಕಳಲ್ಲಿ ಎರಡು ಎಲುಬು ಕೂಡುವ ಒಂದು ಸೇರುಗೆರೆ ಬೇಗನೆ ಬೆಸೆದುಕೊಂಡು ತಲೆ ಒಂದೇ ದಿಕ್ಕಿಗೆ ಬೆಳೆಯುತ್ತದೆ. ಅಂಥದ್ದನ್ನು ಮೊದಲ ವರ್ಷದಲ್ಲೇ ಗುರುತಿಸಿದರೆ ಶಸ್ತ್ರಚಿಕಿತ್ಸೆಗೆ ಒಳ್ಳೆಯ ಫಲ ಸಿಗುತ್ತದೆ. ಆದ್ದರಿಂದ ಲಸಿಕೆಗೆ ಹೋದಾಗ ತಲೆಗೆ ಟೇಪು ಸುತ್ತಿ ಅಳೆದು ಬರೆಯುವ ಆ ಒಂದು ನಿಮಿಷದ ಕೆಲಸವನ್ನು ಯಾರೂ ಹಗುರಾಗಿ ಕಾಣಬಾರದು.

ಒಂದು ಬೇಸಿಗೆಯಲ್ಲಿ ಜೇವರ್ಗಿ ಕಡೆಯ ನಮ್ಮೂರಿಗೆ ಹೋಗಿದ್ದೆ. ನನ್ನ ತಂಗಿಯ ಮಗುವಿಗೆ ಹಿಂದಿನ ದಿನದಿಂದ ವಾಂತಿ, ಭೇದಿ. ದೊಡ್ಡವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಂಚಿಗೆ ಬಿಚ್ಚಿ ತಲೆ ಸವರುತ್ತಿದ್ದಳು. ತಟ್ಟನೆ ನನ್ನ ಕಡೆ ತಿರುಗಿ, "ಯವ್ವಾ, ಕೂಸಿನ ನೆತ್ತಿ ಒಳಗ ಇಳದದ ನೋಡು. ನಿನ್ನೆ ಹಿಂಗ ಇದ್ದಿಲ್ಲ" ಎಂದಳು. ನಾನು ಮುಟ್ಟಿ ನೋಡಿದೆ, ಹೌದು, ತಗ್ಗಾಗಿತ್ತು. ಮೈಯಲ್ಲಿ ನೀರು ಕಡಿಮೆಯಾದುದರ ಗುರುತು ಅದು. ಮೂತ್ರ ಕಡಿಮೆಯಾಗಿದೆಯೇ, ಬಾಯಿ ಒಣಗಿದೆಯೇ, ಅತ್ತರೆ ಕಣ್ಣೀರು ಬರುತ್ತಿದೆಯೇ ಎಂದೆಲ್ಲ ನಾವು ಪುಸ್ತಕದಲ್ಲಿ ಓದುತ್ತೇವೆ. ದೊಡ್ಡವ್ವ ದಿನಾ ಮುಂಜಾನೆ ಆ ನೆತ್ತಿಗೆ ಔಡಲೆಣ್ಣೆ ಹಚ್ಚುತ್ತಿದ್ದವಳು. ಅಲ್ಲಿನ ಎತ್ತರ ತಗ್ಗು ಅವಳ ಬೆರಳಿಗೆ ಗೊತ್ತಿತ್ತು.

"ಎಣ್ಣಿ ಇಟ್ಟರ ಏಳ್ತದೇನವ್ವ?" ಎಂದು ಕೇಳಿದಳು.

"ಇಲ್ಲ ದೊಡ್ಡವ್ವ, ಎಣ್ಣಿಗಿ ಏಳಂಗಿಲ್ಲ. ನೀರಿಗಿ ಏಳ್ತದ. ಹಾಲು ಕುಡಸ್ಕೋತ ಇರಲಿ, ಓಆರ್‌ಎಸ್ ಚಮಚಾದಿಂದ ಹಾಕೋಣು, ಈಗೇ ದವಾಖಾನಿಗಿ ಹೋಗೋಣು" ಎಂದೆ. ಹೋದೆವು. ಮರುದಿನಕ್ಕೆ ನೆತ್ತಿ ಸಮವಾಗಿತ್ತು. ಅದೇ ನೆತ್ತಿ ಜ್ವರದ ಜೊತೆ ಉಬ್ಬಿ ಬಿಗಿಯಾಗಿದ್ದರೆ ಅದು ಮಿದುಳಿನ ಪೊರೆಯ ಸೋಂಕಿನ ಸೂಚನೆ ಇರಬಹುದು, ಆಗಂತೂ ಒಂದು ತಾಸೂ ಕಾಯಬಾರದು. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಕೂಸು ಸಾಕುವ ಮನೆಗಳಲ್ಲಿ ದಿನಕ್ಕೊಮ್ಮೆ ನೆತ್ತಿ ಮುಟ್ಟಿ ನೋಡುವ ಕೈಗಳು ಇರಬೇಕು. ಎಣ್ಣೆ ಹಚ್ಚುವ ನೆಪದಲ್ಲಾದರೂ ಇರಲಿ.

ಬೆಳೆದ ಬುರುಡೆಯ ಮೇಲೆ ಅಂಕುಡೊಂಕು ಗೆರೆಗಳು ಕಾಣುತ್ತವೆ. ಬ್ರಹ್ಮ ಬರೆದ ಹಣೆಬರಹ ಅದೇ ಎಂದು ನಮ್ಮ ಹಿರಿಯರು ನಂಬಿದ್ದರು, ಮೊದಲ ವರ್ಷದ ಮಕ್ಕಳಲ್ಲಿ ಯಾರಾದರೊಬ್ಬರು ಪ್ರತಿ ಸಲ ಅದನ್ನು ಕೇಳುತ್ತಾರೆ. ಬರಹವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ, ಲಿಪಿಯ ಹಾಗೆಯೇ ಇವೆ. ಅವು ಎಲುಬುಗಳ ಅಂಚು ಒಂದರೊಳಗೊಂದು ಹೆಣೆದುಕೊಂಡ ಸೇರುಗೆರೆಗಳು, ಬುರುಡೆ ಹಿಗ್ಗಿದ್ದು ಅಲ್ಲಿಂದಲೇ. ಎರಡು ಬುರುಡೆಗಳಲ್ಲಿ ಒಂದೇ ತೆರನ ಗೆರೆ ನಾನು ಕಂಡಿಲ್ಲ. ಕೆಲವರಲ್ಲಿ ಗೆರೆಯ ನಡುವೆ ಪುಟ್ಟ ಪುಟ್ಟ ಹೆಚ್ಚುವರಿ ಎಲುಬುಗಳು ಹುಟ್ಟಿಕೊಂಡಿರುತ್ತವೆ. 17ನೇ ಶತಮಾನದ ಡೆನ್ಮಾರ್ಕಿನ ವೈದ್ಯ ಓಲೆ ವರ್ಮ್ ಹೆಸರಿನಿಂದ ಅವನ್ನು ವರ್ಮಿಯನ್ ಎಲುಬು ಎನ್ನುತ್ತಾರೆ. ಹೀಗಾಗಿ ಬುರುಡೆಯ ಎಲುಬು 22 ಎಂಬ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ.

ನೆತ್ತಿಯ ಎಲುಬನ್ನು ಅಡ್ಡ ಕೊಯ್ದು ನೋಡಿದರೆ ಉಬ್ಬಿದ ಜೋಳದ ರೊಟ್ಟಿಯ ಹಾಗೆ ಎರಡು ಪದರ, ನಡುವೆ ಜೊಳ್ಳು ಜಾಗ. ಬದುಕಿದ್ದಾಗ ಅಲ್ಲಿ ಮಜ್ಜೆ ತುಂಬಿಕೊಂಡು ರಕ್ತಕಣ ತಯಾರಾಗುತ್ತದೆ. ಆ ಕಟ್ಟಿನಿಂದಲೇ ಅದಕ್ಕೆ ಪೆಟ್ಟು ತಾಳುವ ಬಲ. ಆದರೆ ಕಣತಲೆಗೆ ಬಂದರೆ ಹಾಗಲ್ಲ. ಬುರುಡೆಯನ್ನು ದೀಪದ ಎದುರು ಹಿಡಿದರೆ ಅಲ್ಲಿ ಎಲುಬು ಬೆಳಕು ಹಾಯಿಸುತ್ತದೆ, ಅಷ್ಟು ತೆಳು. ಫ್ರಂಟಲ್, ಪರೈಟಲ್, ಟೆಂಪೊರಲ್, ಸ್ಫೀನಾಯ್ಡ್ ನಾಲ್ಕೂ ಕೂಡುವ ಜಾಗ. ಅದರ ಒಳಮೈಯಲ್ಲಿ ಒಂದು ರಕ್ತನಾಳ ಹಾದುಹೋದ ಗುರುತು ಎಲುಬಿನ ಮೇಲೇ ಕೊರೆದ ಹಾಗೆ ಕಾಣುತ್ತದೆ. ಇಲ್ಲಿ ಎಲುಬು ಮುರಿದರೆ ಆ ರಕ್ತನಾಳ ಕಿತ್ತುಹೋಗಿ, ರಕ್ತ ಬುರುಡೆಗೂ ಮಿದುಳಿನ ಪೊರೆಗೂ ನಡುವೆ ತುಂಬಿಕೊಳ್ಳಬಹುದು.

ಇದರ ಮೋಸ ಎಂಥದ್ದೆಂದರೆ, ಗಾಡಿಯಿಂದ ಬಿದ್ದವನು ಒಂದು ಗಳಿಗೆ ಎಚ್ಚರ ತಪ್ಪಿ ಮತ್ತೆ ಏಳುತ್ತಾನೆ. ಧೂಳು ಕೊಡವಿಕೊಳ್ಳುತ್ತಾನೆ. ರಸ್ತೆ ಬದಿಯ ಹೋಟೆಲಿನಲ್ಲಿ ನೀರು, ಚಹಾ ಕೊಡುತ್ತಾರೆ, "ಏನೂ ಆಗಿಲ್ರಿ, ಆರಾಮ ಇದ್ದೀನಿ" ಎಂದು ಮನೆಗೆ ಹೋಗಿ ಮಲಗುತ್ತಾನೆ. ಒಳಗೆ ರಕ್ತ ತುಂಬುತ್ತಲೇ ಇರುತ್ತದೆ. ಕೆಲವು ತಾಸಿನ ಮೇಲೆ ತಲೆನೋವು ಏರುತ್ತದೆ, ವಾಂತಿ, ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಒಂದು ಪಕ್ಕದ ಕೈಕಾಲು ಸೋಲುವುದು. ಮಲಗಿದ್ದಾನೆ, ಮಲಗಲಿ ಬಿಡು ಎಂದು ಮನೆಯವರು ಅಂದುಕೊಂಡರೆ ಮುಗಿಯಿತು. ಇಂಥವರಲ್ಲಿ ಎಷ್ಟೋ ಸಲ ಮಿದುಳಿಗೆ ನೇರ ಗಾಯವೇ ಆಗಿರುವುದಿಲ್ಲ. ಬೇಗ ಸಿ.ಟಿ. ಸ್ಕ್ಯಾನ್ ಮಾಡಿ, ಬುರುಡೆ ತೆರೆದು ರಕ್ತ ತೆಗೆದರೆ ಮನುಷ್ಯ ಮೊದಲಿನಂತಾಗಬಲ್ಲ. ಅದಕ್ಕೇ ನನಗೆ ಇದು ಬಹಳ ಸಂಕಟದ ಸಾವು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರನ್ನು, ಎದ್ದು ಮಾತಾಡುತ್ತಿದ್ದರೂ, ದವಾಖಾನೆಗೆ ಕರೆದುಕೊಂಡು ಹೋಗಿ. ನಮ್ಮ ಬಿಸಿಲಿಗೆ ಹೆಲ್ಮೆಟ್ ಹಾಕಿದರೆ ತಲೆ ಕುದಿಯುತ್ತದೆ ಎನ್ನುವುದು ನಿಜ, ನಾನೂ ಇದೇ ಊರಿನವಳು. ಆದರೂ ಜೇವರ್ಗಿ ರಸ್ತೆ, ಹುಮನಾಬಾದ್ ರಸ್ತೆಯಲ್ಲಿ ಹುಡುಗರು ಹೆಲ್ಮೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು ಹೋಗುವುದನ್ನು ಕಂಡರೆ ಬೆಳಕು ಹಾಯುವ ಆ ಎಲುಬೇ ನನ್ನ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಸೀಮೆಯ ಮಣ್ಣಿನಲ್ಲೂ ಬುರುಡೆಗಳ ಕಥೆಯಿದೆ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದ ನಡುವೆ ಜೇವರ್ಗಿ ಹತ್ತಿರದ ಕಲ್ಲುಗುಪ್ಪೆಯ ಸಮಾಧಿಗಳನ್ನು ಅಗೆಸಿದ. ಪದರಗಳನ್ನು ಬಿಡಿಸಿ ಚಿತ್ರ ಬರೆದು ದಾಖಲಿಸಿದ. ಕೆಲವು ಕಡೆ ರುಂಡ ಮುಂಡ ಬೇರೆ ಬೇರೆಯಾಗಿ ಸಿಕ್ಕವು, ನರಬಲಿ ಇರಬೇಕೆಂದು ಅವನು ತರ್ಕಿಸಿದ. ಆ ಸಮಾಧಿಗಳಿಗಿಂತಲೂ ನನ್ನನ್ನು ಹೆಚ್ಚು ಕಲಕಿದ್ದು ಸುರಪುರ ಸೀಮೆಯ ಬೂದಿಹಾಳ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಅಲ್ಲಿ ನವಶಿಲಾಯುಗದ ಬೂದಿದಿಬ್ಬವನ್ನೂ (ಸಗಣಿ ಸುಟ್ಟ ಬೂದಿಯ ಗುಡ್ಡೆ) ಅದಕ್ಕೆ ಹೊಂದಿದ ಊರನ್ನೂ ಅಗೆಸಿದರು. ದನ ಸಾಕಿಕೊಂಡಿದ್ದ ಜನ, ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನವರು. ಅಲ್ಲಿ ಮಕ್ಕಳ ಸಮಾಧಿಗಳು ಸಿಕ್ಕವು, ಜನವಸತಿಯ ಜಾಗದಲ್ಲೇ. ತೀರಿಕೊಂಡ ಕೂಸನ್ನು ದೂರ ಒಯ್ಯಲು ಅವರಿಗೆ ಮನಸ್ಸಾಗಿರಲಿಕ್ಕಿಲ್ಲ ಎಂದು ಭಾವಿಸುವುದು ನನ್ನ ಊಹೆ ಮಾತ್ರ, ಆದರೆ ಬಿಡಲಾರದ ಊಹೆ. ಆ ನೆತ್ತಿಗಳಿಗೂ ಯಾರೋ ಕೈ ಆಡಿಸಿದ್ದರು.

ನಾವು ಕಲಿಯುವ ಎಲುಬುಗಳು ಯಾರವು ಎಂಬ ಪ್ರಶ್ನೆ ಇದರಿಂದಲೇ ನನಗೆ ಹುಟ್ಟಿದ್ದು. ಒಂದು ಕಾಲಕ್ಕೆ ಜಗತ್ತಿನ ವೈದ್ಯ ವಿದ್ಯಾರ್ಥಿಗಳ ಕೈಗೆ ಹೋಗುತ್ತಿದ್ದ ಅಸ್ಥಿಪಂಜರಗಳಲ್ಲಿ ಬಹುಪಾಲು ಭಾರತದಿಂದ, ಕಲ್ಕತ್ತಾದ ಮೂಲಕ ರಫ್ತಾಗುತ್ತಿದ್ದವು. 1985ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ನಮ್ಮಲ್ಲಿ ಸೀನಿಯರುಗಳಿಂದ ಜೂನಿಯರುಗಳಿಗೆ ಬೋನ್ ಸೆಟ್ ಕೈ ಬದಲಾಗುತ್ತಾ ಬಂದಿದೆ, ಒಂದೊಂದು ಸೆಟ್ ಎಷ್ಟೋ ಡಾಕ್ಟರುಗಳನ್ನು ತಯಾರು ಮಾಡಿದೆ. ಆ ಮನುಷ್ಯರು ಒಪ್ಪಿಗೆ ಕೊಟ್ಟವರಲ್ಲ. 1957ರ ಅನಾಟಮಿ ಕಾಯ್ದೆಯಿಂದ ವಾರಸುದಾರರಿಲ್ಲದ ದೇಹಗಳು ಕಾಲೇಜುಗಳಿಗೆ ಬರಲು ದಾರಿಯಾಯಿತು, ಅವರನ್ನೂ ಯಾರೂ ಕೇಳಿರಲಿಲ್ಲ, ಬಹುತೇಕ ಬಡವರು. ತಾನಾಗಿ ಬರೆದುಕೊಟ್ಟು ಬಂದ ದೇಹದ ಮುಂದೆ ನಿಂತಾಗ ಮಕ್ಕಳ ನಡವಳಿಕೆಯೇ ಬೇರೆ ಇರುತ್ತದೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ಯಾವುದೇ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗಿ ಫಾರಂ ತುಂಬಬಹುದು. ಸಾಕ್ಷಿಗಳ ಸಹಿ ಬೇಕು, ಮನೆಯವರಿಗೆ ತಿಳಿದಿರಬೇಕು, ಯಾಕೆಂದರೆ ಕೊನೆಗೆ ದೇಹ ಒಪ್ಪಿಸುವವರು ಅವರೇ. ಮರಣೋತ್ತರ ಪರೀಕ್ಷೆ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ನನ್ನ ಫಾರಂ ತುಂಬಿ ಇಟ್ಟಿದ್ದೇನೆ. ಮನೆಯವರು ಸಹಿ ಹಾಕಿದ್ದಾರೆ. ಅವ್ವ ಒಪ್ಪಿಲ್ಲ. ನಮ್ಮಲ್ಲಿ ಕೂಡಿಸಿ ಮಣ್ಣು ಕೊಡುವ ಪದ್ಧತಿ, ಅಪ್ಪನೂ ನಮ್ಮ ಹೊಲದಲ್ಲೇ ಇದ್ದಾನೆ. ಮಣ್ಣಿಗೆ ಸಲ್ಲಬೇಕಾದದ್ದು ಮಣ್ಣಿಗೇ ಸಲ್ಲಬೇಕು ಎಂಬುದು ಅವಳ ಮಾತು, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. "ನಿನ್ನ ತಲಿಗಿ ಎಣ್ಣಿ ಹಚ್ಚಿ, ಕಾಯಿಸಿ, ದುಂಡಗ ಮಾಡೀನಿ ನಾ. ಅದನ್ನ ಮಂದಿ ಹುಡುಗೂರ ಕೈಯಾಗ ಕೊಡತಿ ಏನು?" ಎಂದು ಕೇಳುತ್ತಾಳೆ. ಆ ಹುಡುಗೂರ ಕೈಗಳನ್ನು ನಾನು ದಿನಾ ನೋಡುತ್ತೇನೆ ಅವ್ವಾ, ಒಳ್ಳೆಯ ಕೈಗಳು ಎಂದು ಹೇಳಿದೆ. ಮಾತು ಅಲ್ಲಿಗೆ ನಿಂತಿದೆ. ಕಾನೂನಿಗೆ ಅವಳ ಸಹಿ ಬೇಕಾಗಿಲ್ಲ, ನನಗೆ ಬೇಕು. ಈ ಸಲ ಪಂಚಮಿಗೆ ಊರಿಗೆ ಹೋದಾಗ ಅವಳನ್ನು ಒಮ್ಮೆ ಕಾಲೇಜಿಗೆ ಕರೆದುಕೊಂಡು ಬರಬೇಕೆಂದಿದ್ದೇನೆ, ಮಕ್ಕಳು ಎಲುಬು ಹೇಗೆ ಹಿಡಿಯುತ್ತಾರೆ ಎಂದು ನೋಡಲಿ.